ಕಾಡುಬಾತಿನ ಲಾಡಿಹುಳು ಕಾಣೆಯಾದದ್ದು

ಬೆಳಿಗ್ಗೆ ಒಂಬತ್ತಕ್ಕೆ ಸಂಶೋಧಕಿ ಸ್ಲೈಡುಗಳ ಪೆಟ್ಟಿಗೆ ತೆರೆದರು. ಏಳನೆಯ ಸೀಳು ಖಾಲಿ!

ಕಾಡುಬಾತಿನ ಕರುಳಿನಲ್ಲಿ ಸಿಕ್ಕ ಆ ಲಾಡಿಹುಳು ಜಗತ್ತಿಗೇ ಹೊಸ ಜಾತಿ. ತಲೆಯ ಕೊಕ್ಕೆಗಳೆಲ್ಲ ಉಳಿದಿದ್ದದ್ದು ಆ ಒಂದು ಸ್ಲೈಡಿನಲ್ಲೇ. ಮಾದರಿಯಿಲ್ಲದ ವಿವರಣೆಯನ್ನು ಯಾರು ಒಪ್ಪುತ್ತಾರೆ? ಮೂರು ವರ್ಷದ ದುಡಿಮೆ ಮಣ್ಣುಪಾಲು.

ಸಂಗ್ರಹಾಲಯದ ಮೇಲ್ವಿಚಾರಕಿಯ ಸಹಾಯಕ ನಾನು; ಅವರನ್ನು ಕರೆತಂದವನೂ ನಾನೇ. ನಾವು ಅವರಿಗಿಟ್ಟ ಹೆಸರು ಭೂತಗನ್ನಡಿ — ಬೆನ್ನ ಹಿಂದೆ ಮಾತ್ರ.

ಕೋಣೆಯ ಕೀಲಿ ಇದ್ದದ್ದು ಮೂವರ ಬಳಿ. ಕಸ ಗುಡಿಸುವ ಅಮ್ಮ ನಿನ್ನೆಯಿಂದ ಊರಲ್ಲಿಲ್ಲ. ಉಳಿದವರು ಸಂಶೋಧಕಿ ಮತ್ತು ಎದುರು ಮೇಜಿನ ಸಹೋದ್ಯೋಗಿ. ಪೆಟ್ಟಿಗೆ ಇಬ್ಬರದ್ದೂ, ಆದರೆ ಒಂದು ಲೇಖನದ ಜಗಳಕ್ಕೆ ಮಾತು ಬಿಟ್ಟು ಎರಡು ವರ್ಷ. ಸಹೋದ್ಯೋಗಿಯೇ ಹಗೆ ತೀರಿಸಿಕೊಂಡಿದ್ದಾರೆ ಎಂದು ಭೂತಗನ್ನಡಿಗೆ ಪಿಸುಗುಟ್ಟಿದೆ. ಅವರು ಕಿವಿಗೇ ಹಾಕಿಕೊಳ್ಳದೆ ಖಾಲಿ ಸೀಳಿಗೆ ಬೆರಳಿಟ್ಟರು.

"ಹುಳುವನ್ನ ಗಾಜಿನ ಮೇಲೆ ಅಂಟಿನಲ್ಲಿ ಕೂರಿಸಿ ಎಷ್ಟು ದಿನ ಆಯ್ತು?"

"ನಾಲ್ಕು," ಎಂದರು ಸಂಶೋಧಕಿ.

"ಇದರಲ್ಲಿ ನಿಲ್ಲಿಸಿದ್ದು ಯಾವಾಗ?"

"ನಿನ್ನೆ ಸಂಜೆ. ಎಲ್ಲಾ ಒಂದೇ ಕಡೆ ಇರ್ಲಿ ಅಂತ."

ಭೂತಗನ್ನಡಿ ನೆಟ್ಟಗೆ ಒಣಗಿಸುವ ಓವನ್ನಿನತ್ತ ನಡೆದು ಬಾಗಿಲು ತೆರೆದರು. ಕೆಳಗಿನ ತಟ್ಟೆಯಲ್ಲಿ, ಬಿಳಿ ಕಾಗದದ ಮೇಲೆ, ಸ್ಲೈಡು ಅಂಗಾತ ಮಲಗಿತ್ತು!

"ಕದಿಯೋರಾಗಿದ್ರೆ ಪೆಟ್ಟಿಗೆ ಪಕ್ಕದಲ್ಲಿದ್ದ ಟಿಪ್ಪಣಿ ಪುಸ್ತಕಾನೂ ಬಿಡ್ತಿರ್ಲಿಲ್ಲ," ಎಂದರು. "ಸೀಳಿನ ತಳ ನೋಡಿ, ಅಂಟು ಇನ್ನೂ ಹಸಿ. ಹಸಿ ಸ್ಲೈಡು ನಿಲ್ಲಿಸಿದ್ರೆ ಅಂಟು ಇಳಿಯುತ್ತೆ, ಹುಳುವೂ ಜಾರುತ್ತೆ. ಅದನ್ನ ಕಂಡು ಸುಮ್ಮನಿರೋಕಾಗದೆ ಮಲಗಿಸಿಟ್ಟವರು ಈ ಕೆಲಸ ಬಲ್ಲವರು." ಎದುರು ಮೇಜಿನಲ್ಲಿ ಕೂತಿದ್ದ ಸಹೋದ್ಯೋಗಿಯ ಕಡೆ ತಿರುಗಿದರು. "ನೀವೇ ಅಲ್ವಾ?"

ಅವರು ತಲೆ ತಗ್ಗಿಸಿದರು. "ನಿನ್ನೆ ರಾತ್ರಿ ನನ್ನ ಸ್ಲೈಡು ಇಡೋಕೆ ಪೆಟ್ಟಿಗೆ ತೆಗೆದೆ. ಇದು ಆಗಲೇ ಜಾರ್ತಾ ಇತ್ತು."

"ಒಂದು ಚೀಟಿನಾದ್ರೂ ಬರೆದಿಡಬಾರದಿತ್ತಾ?" ಎಂದರು ಭೂತಗನ್ನಡಿ.

"ಎರಡು ಸಲ ಬರೆದೆ. ಹರಿದು ಹಾಕ್ದೆ."

ನನ್ನ ಪಿಸುಮಾತು ನೆನೆದು ನನಗೇ ನಾಚಿಕೆಯಾಯಿತು.

ಸಂಶೋಧಕಿ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಹುಳು ಕೂದಲೆಳೆಯಷ್ಟು ಸರಿದಿತ್ತು, ಅಷ್ಟೇ, ತಲೆ ಮುಕ್ಕಾಗಿರಲಿಲ್ಲ. ಅವರು ಕಣ್ಣೊರೆಸಿಕೊಂಡು ಎದ್ದು ಸ್ಟೂಲನ್ನು ಸಹೋದ್ಯೋಗಿಯತ್ತ ಸರಿಸಿದರು.

"ಕೊಕ್ಕೆ ನೀವೂ ಒಂದ್ಸಲ ಎಣಿಸ್ತೀರಾ?"

ಎರಡು ವರ್ಷದ ಮೇಲೆ ಅದು ಮೊದಲ ಮಾತು. ಸಹೋದ್ಯೋಗಿ ಕೂತು ನಿಧಾನವಾಗಿ ಎಣಿಸಿದರು.

"ಹತ್ತು. ಕೊಕ್ಕೆಗಳ ಹಿಡಿ ಸ್ವಲ್ಪ ಡೊಂಕಾಗಿದೆ. ಅದನ್ನ ವಿವರಣೆಯಲ್ಲಿ ಸೇರಿಸಿದ್ದೀರಾ?"

ಸೇರಿಸಿರಲಿಲ್ಲ. ಸಂಶೋಧಕಿ ಹಸ್ತಪ್ರತಿಯನ್ನು ಅವರ ಮುಂದಿಟ್ಟು ಪೆನ್ನನ್ನು ಕೈಗೆ ಕೊಟ್ಟರು.

"ಇಲ್ಲ. ನೀವೇ ಬರೀರಿ."