ಏಳನೇ ಡಬ್ಬಿಯ ಗುಬ್ಬಿ

2025ರ ಫೆಬ್ರುವರಿ 10, ಸೋಮವಾರ, ಮುಂಜಾನೆ 8.50ಕ್ಕೆ ರಾಣೆಬೆನ್ನೂರು ಗ್ರಾಮೀಣ ಠಾಣೆಗೆ ಬಂದ ಹೆಣ್ಣುಮಗಳು ದೂರು ಹೇಳುವ ಮೊದಲು ಒಂದು ಲೋಟ ನೀರು ಕೇಳಿದಳು. ದಾವಣಗೆರೆಯ ಆಸ್ಪತ್ರೆಯಿಂದ ನೇರ ಬಂದಿದ್ದಳು. ಹೆಸರು ಶೈಲಶ್ರೀ, ವಯಸ್ಸು ಮೂವತ್ತೊಂದು. ಗಂಡ ವೀರೇಂದ್ರ ಊರಿನ ಒಂದು ಬೀಜದ ಕಂಪನಿಯ ಪ್ರಯೋಗಾಲಯದಲ್ಲಿ ನೌಕರ. ಭಾನುವಾರ ಹಲಗೇರಿ ಹತ್ತಿರದ ಬೋಳುಗುಡ್ಡಕ್ಕೆ ಹೋದವನು ಬಂಡೆಯ ಬುಡದಲ್ಲಿ ತಲೆ ಒಡೆದು ಬಿದ್ದಿದ್ದ. ಇನ್ನೂ ಎಚ್ಚರ ಬಂದಿರಲಿಲ್ಲ. ಗಾಯಾಳು ಬಂದರೆ ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ಎಂಎಲ್‌ಸಿ ಪತ್ರ ಅವಳಿಗಿಂತ ಮೊದಲೇ ಠಾಣೆ ಮುಟ್ಟಿತ್ತು.

ಜಾರಿ ಬಿದ್ದದ್ದಕ್ಕೆ ದೂರು ಯಾಕೆ ಎಂದು ಇನ್‌ಸ್ಪೆಕ್ಟರ್ ರುದ್ರಮುನಿ ಕೇಳಿದ. ಜಾರಿಲ್ಲ, ಯಾರೋ ದೂಡಿದ್ದಾರೆ, ಅಲ್ಲಿದ್ದ ಡಬ್ಬಿಯೂ ಹೋಗಿದೆ, ಒಬ್ಬ ಏನೋ ಅವಚಿಕೊಂಡು ಓಡಿದ್ದನ್ನು ಆಸ್ಪತ್ರೆಗೆ ತಂದವನೇ ಕಂಡಿದ್ದಾನೆ ಎಂದಳು. ಎಂಥಾ ಡಬ್ಬಿ? ಪ್ಲಾಸ್ಟಿಕ್ಕಿನ ಊಟದ ಡಬ್ಬಿ, ನೀಲಿ ಮುಚ್ಚಳ. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಸಿದ್ದೇಶನಿಗೆ ನಗು ಬಂತು. ಬರಬಾರದ ಹೊತ್ತಿನಲ್ಲೇ ಬರುವ ನಗು ಅದು, ಪಾಪ, ಕೆಮ್ಮಿ ಮುಚ್ಚಿಕೊಂಡ.

"ಅದೊಂದು ಆಟ ಸರ್. ಜಿಯೋಕ್ಯಾಚಿಂಗ್ ಅಂತಾರ," ಎಂದಳು ಶೈಲಶ್ರೀ. "ಒಬ್ರು ಡಬ್ಬಿ ಬಚ್ಚಿಟ್ಟು ಮೊಬೈಲ್‌ನ್ಯಾಗ ಜಾಗದ ಗುರುತು ಹಾಕ್ತಾರ. ಯಾರ್‍ಯಾರೋ ಹುಡುಕ್ಕೋತ ಬರ್ತಾರ. ಸಿಕ್ರ ಒಳಗಿನ ಪುಸ್ತಕದಾಗ ಹೆಸರು ಬರದು, ಡಬ್ಬಿ ಅಲ್ಲೇ ಇಟ್ಟು ಹೋಗಬೇಕು. ಒಳಗಿಂದ ಏನಾರ ತಗೊಂಡ್ರ ಬದಲಿ ಏನಾರ ಇಡಬೇಕು."

"ಇದರಾಗ ಸಿಗೂದೇನು?"

"ಏನೂ ಇಲ್ರಿ. ಖುಷಿ."

ಆ ಖುಷಿ ಎಂಥದ್ದೆಂಬುದನ್ನು ಅವಳು ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಐದು ವರ್ಷದಿಂದ ಗಂಡ ಹೆಂಡತಿ ಒಂದು ಭಾನುವಾರ ಮನೆಯಲ್ಲಿ ಕೂತವರಲ್ಲ. ಚುರುಮುರಿ ಕಟ್ಟಿಕೊಂಡು ಬೈಕ್ ಹತ್ತಿದರೆ ಹಾವೇರಿಯ ಹಾಳು ಬಾವಿ, ಬ್ಯಾಡಗಿ ಸ್ಟೇಷನ್ನಿನ ಬೇವಿನ ಮರ, ತುಂಗಭದ್ರೆಯ ದಂಡೆ. ವೀರೇಂದ್ರನೇ ಏಳು ಡಬ್ಬಿ ಬಚ್ಚಿಟ್ಟಿದ್ದ. ಯಾರಾದರೂ ಹುಡುಕಿದರೆಂದು ಮೊಬೈಲ್‌ನಲ್ಲಿ ಸುದ್ದಿ ಬಂದ ದಿನ ಮನೆಯಲ್ಲಿ ಸಿಹಿ ಆಗುತ್ತಿತ್ತು. ಕಳೆದ ಮೂರು ತಿಂಗಳಲ್ಲಿ ಆರು ಡಬ್ಬಿ ಕಾಣೆಯಾದವು. ಏಳನೆಯದನ್ನು ಕಾಯಬೇಕೆಂದು ಭಾನುವಾರ ಒಬ್ಬನೇ ಹೋಗಿದ್ದ. ಬಟ್ಟೆ ಒಗೆಯುವುದಿದೆ ಎಂದು ತಾನು ಹೋಗಿರಲಿಲ್ಲ ಎಂದವಳು ಆ ಮಾತನ್ನು ಮತ್ತೆರಡು ಸಲ ಹೇಳಿದಳು.

"ಆ ಡಬ್ಬಿ ಸಿಗಬೇಕ್ರಿ ಸರ್. ಅದರ ಪುಸ್ತಕದಾಗ ಅವ್ರು ಏನೋ ಬರದಾರ. ಹುಡುಕಿದವರ ಮೊದಲ ಓದಬೇಕು ಅಂತ ನನಗೂ ತೋರಿಸಿಲ್ಲ. ಡಾಕ್ಟರ್ ಏನೂ ಹೇಳವಲ್ರು. ಅವರ ಕಡೀ ಅಕ್ಷರ ಅದರಾಗ ಅದಾವೋ ಏನೋ."

9.40ಕ್ಕೆ ಹಲ್ಲೆ ಮತ್ತು ಕಳವು ಎಂದು ಎಫ್‌ಐಆರ್ ಆಯಿತು.

11.15ಕ್ಕೆ ಬೋಳುಗುಡ್ಡದ ಮೇಲೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಆಳೆತ್ತರದ ಬಂಡೆ, ಬುಡದಲ್ಲಿ ಒಣಗಿದ ರಕ್ತ, ಕಿತ್ತ ಅಂಗಿಯ ಗುಂಡಿ ಒಂದು. ಡಬ್ಬಿ ಇಟ್ಟಿದ್ದ ಸಂದಿಯಲ್ಲಿ ಅಂಗೈಯಗಲದ ಒಂದು ಗೋಣಿಚೀಲ, ಬಾಯಿ ಸುತಳಿಯಿಂದ ಹೊಲಿದದ್ದು. ಬಿಚ್ಚಿದರೆ ಒಳಗೆ ಎಂಟು ಕೆಂಪು ಒಣಮೆಣಸಿನಕಾಯಿ. ಕಳ್ಳ ಚಟ್ನಿಗೆ ಕೊಟ್ಟು ಹೋಗಿದ್ದಾನೆ ಎಂದ ಸಿದ್ದೇಶ. ರುದ್ರಮುನಿ ಚೀಲವನ್ನು ಪಂಚನಾಮೆಗೆ ಬರೆಸಿದ.

ವೀರೇಂದ್ರನನ್ನು ಆಸ್ಪತ್ರೆಗೆ ಸಾಗಿಸಿದ್ದು ಹಲಗೇರಿಯ ಒಬ್ಬ ಟ್ರ್ಯಾಕ್ಟರ್ ಚಾಲಕ. ಅವನ ಹೇಳಿಕೆ ಹೀಗಿತ್ತು: ಭಾನುವಾರ ಹತ್ತೂವರೆ ಸುಮಾರಿಗೆ ತಲೆಗೆ ಟವಲ್ ಸುತ್ತಿದ ಐವತ್ತೈದರ ಒಬ್ಬ ಮನುಷ್ಯ ಗುಡ್ಡದಿಂದ ಓಡಿ ಬಂದು ಟ್ರ್ಯಾಕ್ಟರಿಗೆ ಅಡ್ಡ ನಿಂತ. ಮೇಲೆ ಒಬ್ಬರು ಬಿದ್ದಿದ್ದಾರೆ, ಲಗೂ ಹೋಗ್ರಿ ಎಂದ. ಎದೆಗೆ ಏನೋ ಅವಚಿಕೊಂಡಿದ್ದ, ಅಳುತ್ತಿದ್ದ. ಗಾಯಾಳುವನ್ನು ಹೊತ್ತು ಕೆಳಗೆ ತರುವಷ್ಟರಲ್ಲಿ ಅವನು ಇರಲಿಲ್ಲ.

ಅಂಥವೇ ಆರು ಚೀಲ ಮೊದಲೂ ಸಿಕ್ಕಿದ್ದವೆಂದು ಸಂಜೆ ಶೈಲಶ್ರೀ ತಿಳಿಸಿದಳು. ಕಾಣೆಯಾದ ಪ್ರತಿ ಡಬ್ಬಿಯ ಜಾಗದಲ್ಲೂ ಒಂದೊಂದು. ನಾಲ್ಕು ಚೀಲದ ಕಾಯಿ ಸಾರಿಗೆ ಹಾಕಿಬಿಟ್ಟಿದ್ದಳು, ಬಣ್ಣ ಅಷ್ಟು ಚಲೋ ಬಂದಿತ್ತಂತೆ. ಇನ್ನೂ ಬಿಚ್ಚದ ಉಳಿದೆರಡನ್ನು ತಂದುಕೊಟ್ಟಳು. ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ರುದ್ರಮುನಿ ನೂರು ಥರದ ಕಳ್ಳರನ್ನು ಕಂಡಿದ್ದ. ತಗೊಂಡದ್ದಕ್ಕೆ ಬದಲಿ ಇಟ್ಟು ಹೋಗುವ ಕಳ್ಳ ಇವನೇ ಮೊದಲು. ಅಂದರೆ ಇವನಿಗೆ ಆಟದ ನೇಮ ಗೊತ್ತು.

ಮಂಗಳವಾರವಿಡೀ ಸಿದ್ದೇಶ ಆ ಆಟದ ಆ್ಯಪ್ ಹಿಡಿದು ಕೂತ. ಈ ಭಾಗದಲ್ಲಿ ಆಡುವವರು ಒಂಬತ್ತು ಜನ, ಎಲ್ಲರೂ ಇಟ್ಟುಕೊಂಡ ಹೆಸರಿನವರು, ಒಬ್ಬರ ಊರು ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ. ಎಂಟು ಜನ ಸಿಕ್ಕರು, ಎಂಟೂ ಜನ ಭಾನುವಾರ ಬೇರೆ ಕಡೆ ಇದ್ದರು. ಒಂಬತ್ತನೆಯ ಹೆಸರು 'ಗುಬ್ಬಿ'. ವೀರೇಂದ್ರನ ಮೊದಲ ಆರೂ ಡಬ್ಬಿಗಳನ್ನು ಎಲ್ಲರಿಗಿಂತ ಮುಂಚೆ ಹುಡುಕಿದ್ದು ಈ ಗುಬ್ಬಿಯೇ. ಹೋದ ವರ್ಷದ ಮಾರ್ಚ್‌ನಿಂದ ಸುದ್ದಿಯಿಲ್ಲ. ಏಳನೇ ಡಬ್ಬಿ ಇಟ್ಟದ್ದು ಈ ಜನವರಿಯಲ್ಲಿ, ಅದನ್ನು ಇನ್ನೂ ಯಾರೂ ಹುಡುಕಿರಲಿಲ್ಲ.

ಬುಧವಾರ ನಸುಕಿನ 5.20ಕ್ಕೆ ವೀರೇಂದ್ರ ತೀರಿಕೊಂಡ. ಪ್ರಕರಣ ಕೊಲೆಯಲ್ಲದ ಮಾನವಹತ್ಯೆ ಎಂದು ಬದಲಾಯಿತು. ಮಣ್ಣು ಮಾಡಿ ಬಂದ ಮೇಲೆ ಶೈಲಶ್ರೀ ಠಾಣೆಗೆ ಫೋನ್ ಮಾಡಿ ಒಂದೇ ಮಾತು ಕೇಳಿದಳು, ಡಬ್ಬಿ ಸಿಕ್ತೇನ್ರಿ ಎಂದು. ಇಲ್ಲ ಎನ್ನುವಾಗ ರುದ್ರಮುನಿಗೆ ತನ್ನ ಮೇಲೇ ಸಿಟ್ಟು ಬಂತು.

ಗುರುವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಯಾರ್ಡ್‌ನೊಳಗೆ ಕಾಲಿಟ್ಟ ಕೂಡಲೇ ಸಿದ್ದೇಶನಿಗೆ ಸೀನು ಹತ್ತಿತು. ಕಣ್ಣು ಹೋದಷ್ಟು ದೂರ ಕೆಂಪು ರಾಶಿ. ಹಮಾಲರ ಮುಖಂಡ ಹಜರತಅಲಿ ನಲವತ್ತು ವರ್ಷದಿಂದ ಅಲ್ಲೇ ಇದ್ದವನು. ರುದ್ರಮುನಿ ಕೊಟ್ಟ ಚೀಲದೊಳಗಿನ ಕಾಯಿಯನ್ನು ಅವನು ನೋಡಲೇ ಇಲ್ಲ. ಬಾಯಿಯ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಇದು ಎಡಗೈ ಹೊಲಿಗಿ. ಈ ಯಾರ್ಡ್‌ನ್ಯಾಗ ಎಡಗೈಲೆ ದಬ್ಬಣ ಹಿಡಿಯಾಂವ ಒಬ್ಬನ, ಹೊಳಿಯಪ್ಪ," ಎಂದ. ಆಮೇಲೆ ಮುಖ ಸಣ್ಣದಾಯಿತು. "ಏನ್ ಮಾಡ್ಯಾನ್ರಿ ಸಾಹೇಬ್ರ? ಅಂವ ಇರುವಿ ತುಳದಾಂವಲ್ಲ."

ಉಳಿದದ್ದನ್ನು ಕೇಳದೆಯೇ ಹೇಳಿದ. ತಾಯಿಯಿಲ್ಲದ ಒಬ್ಬಳೇ ಮಗಳು ಶ್ವೇತಾ, ಬಿ.ಕಾಂ ಕಡೆಯ ವರ್ಷ. ಹೋದ ಮಾರ್ಚ್‌ನಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಅಂದಿನಿಂದ ಹೊಳಿಯಪ್ಪ ಯಾರ ಜೊತೆಗೂ ಚಹಾ ಕುಡಿದಿಲ್ಲ. ಭಾನುವಾರ ಎಲ್ಲಿಗೆ ಹೋಗುತ್ತಾನೋ ಯಾರಿಗೂ ಹೇಳಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳರೇ ಹೆಚ್ಚು. ಹೊಳಿಯಪ್ಪ ಹಾಗೆ ಮಾಡಲಿಲ್ಲ. ಪೊಲೀಸರನ್ನು ನೋಡಿ, ಹಿಡಿದಿದ್ದ ಹೊಲಿಗೆ ಮುಗಿಸಿದ, ಯಾರಿಗೂ ಚುಚ್ಚದಂತೆ ದಬ್ಬಣವನ್ನು ಚೀಲದೊಳಗೆ ಸಿಗಿಸಿಟ್ಟ, ಎದ್ದು ನಿಂತ.

"ಬರ್ತೀರಂತ ಗೊತ್ತಿತ್ರಿ. ಆ ಅಣ್ಣಾರು ಹೆಂಗ ಅದಾರ?"

"ನಿನ್ನೆ ತೀರಿಕೊಂಡ್ರು."

ಹೊಳಿಯಪ್ಪ ನೆಲಕ್ಕೆ ಕುಸಿದ. ಸುತ್ತಲಿನ ಹಮಾಲರು ಕೆಲಸ ನಿಲ್ಲಿಸಿದರು. ಸಿದ್ದೇಶನೇ ಹೋಗಿ ನೀರು ತಂದ.

ರೈಲ್ವೆ ಸ್ಟೇಷನ್ ಹಿಂದಿನ ಹೊಳಿಯಪ್ಪನ ಒಂದೇ ಕೋಣೆಯ ಮನೆಯಲ್ಲಿ, ಮಧ್ಯಾಹ್ನ 2.30ಕ್ಕೆ, ಹಜರತಅಲಿ ಮತ್ತು ಇನ್ನೊಬ್ಬರು ಪಂಚರಾಗಿ, ಟ್ರಂಕ್ ತೆಗೆಸಿದರು. ಮಗಳ ಓಢಣಿಯಲ್ಲಿ ಸುತ್ತಿದ ಏಳು ಡಬ್ಬಿ, ಜೊತೆಗೆ ಅವಳ ಮೊಬೈಲ್. ಹೊಳಿಯಪ್ಪ ಓದಿದವನಲ್ಲ. ಮಗಳು ಒಂದೆರಡು ಭಾನುವಾರ ಅವನನ್ನೂ ಕರೆದುಕೊಂಡು ಹೋಗಿ, ಅಪ್ಪಾ, ಈ ಬಾಣ ತೋರಿಸಿದ ಕಡೆ ನಡೀಬೇಕು ಅಷ್ಟ, ಎಂದು ಕಲಿಸಿದ್ದಳು. ಹೆಸರು ಬರೆಯುವ ಕಡೆ ಅವಳು ಒಂದು ಗುಬ್ಬಿಯ ಚಿತ್ರ ಬರೆಯುತ್ತಿದ್ದಳು. ಅವಳು ಹೋದ ಮೇಲೆ ತಿಂಗಳಿಗೊಮ್ಮೆ ಅವಳ ನಂಬರಿಗೆ ರಿಚಾರ್ಜ್ ಹಾಕಿಸಿ, ಸುಮ್ಮನೆ ಅವಳ ಫೋಟೋ ನೋಡುತ್ತಿದ್ದ. ದೀಪಾವಳಿ ಆದ ಮೇಲೆ ಒಂದು ದಿನ ಆ ಬಾಣ ಹಿಡಿದು ಬೇವಿನ ಮರದ ತನಕ ಹೋದ. ಪುಸ್ತಕ ತೆರೆದರೆ ಗುಬ್ಬಿ ಇತ್ತು. ಬಿಟ್ಟು ಬರಲು ಕೈ ಬರಲಿಲ್ಲ. ತಗೊಂಡ್ರ ಏನಾರ ಇಡಬೇಕು ಎಂದು ಮಗಳು ಹೇಳಿದ್ದು ನೆನಪಿತ್ತು. ತನ್ನ ಪಾಲಿಗೆ ಸಿಗುವ ಕಾಯಲ್ಲೇ ಚಲೋವನ್ನು ಆರಿಸಿ ಚೀಲ ಹೊಲಿದಿಟ್ಟ. ಹಾಗೆ ಆರು.

"ಏಳನೇದು?"

"ಬಾಣ ಇನ್ನೊಂದು ಕಡೆ ತೋರಿಸ್ತು, ಹೋದ್ನಿ, ಅಲ್ಲೂ ಗುಬ್ಬಿ ಸಿಕ್ಕಿತ್ರಿ. ಚೀಲ ಇಟ್ಟು ನೋಡಾಕತ್ತಿದ್ನಿ. ಅವ್ರು ಹಿಂದಿನಿಂದ ಬಂದು ಕಳ್ಳಾ ಅಂತ ಹಿಡಕೊಂಡ್ರು. ನನ್ನ ಮಗಳದು ಅಂದ್ನಿ. ಅವ್ರು ನಂದು ಅಂದ್ರು. ಇಬ್ರೂ ಜಗ್ಗಿದಿವಿ. ನಾ ಕಸಗೊಂಡ್ನಿ, ಅವ್ರು ಬಿದ್ರು."

ರುದ್ರಮುನಿ ಏಳನೇ ಡಬ್ಬಿಯ ಪುಸ್ತಕ ತೆರೆದ. ಮೊದಲ ಪುಟದ ಮೇಲೆ ಒಂದು ಗುಬ್ಬಿ. ಕೆಳಗೆ ನಾಲ್ಕು ಸಾಲು, ಅದರ ಕೆಳಗೆ ತಾರೀಖು: 5.1.2025. ಆ ಹೊತ್ತಿಗೆ ಶ್ವೇತಾ ಸತ್ತು ಹತ್ತು ತಿಂಗಳಾಗಿತ್ತು. ಸಾಲುಗಳನ್ನು ಮನಸ್ಸಿನಲ್ಲೇ ಓದಿ ಪುಸ್ತಕ ಮುಚ್ಚಿದ. ಮುಚ್ಚಿಯೇ ಇಟ್ಟಿದ್ದರೆ ಚಲೋ ಇತ್ತು. ಆದರೆ ಜಪ್ತಿ ಪಂಚನಾಮೆಯಲ್ಲಿ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿ, ಆಮೇಲೆಯೇ ರುಜು ಹಾಕಿಸಬೇಕು. ಅದು ನೇಮ. ಓದಿದ.

"ಗುಬ್ಬಿ, ಹತ್ತು ತಿಂಗಳಾತು, ಎಲ್ಲಿ ಹೋಗೀದಿ? ನೀ ಯಾರೋ ನನಗ ಗೊತ್ತಿಲ್ಲ. ನನ್ನ ಡಬ್ಬಿ ಎಲ್ಲಾರಕಿಂತ ಮೊದಲ ನೀ ಹುಡುಕತಿದ್ದಿ, ನನಗ ಭಾಳ ಖುಷಿ ಆಗ್ತಿತ್ತು. ಈ ಡಬ್ಬಿ ನಿನಗಂತನ ಇಟ್ಟೇನಿ, ನಿನ್ನ ಗುರುತೂ ನಾನ ಬರದೇನಿ. ಬಂದಾಗ ಅದರ ಬಾಜೂಕ ಇನ್ನೊಂದು ಗುಬ್ಬಿ ಬರಿ. ಇಂತಿ, ವೀರೇಂದ್ರ."

ಹಜರತಅಲಿ ಮುಖ ತಿರುಗಿಸಿಕೊಂಡ. ಹೊಳಿಯಪ್ಪ ಪುಟದ ಗುಬ್ಬಿಯ ಮೇಲೆ ಬೆರಳಿಟ್ಟ.

"ಇದು ಆಕಿ ಬರದ ಗುಬ್ಬಿ ಅಲ್ಲೇನ್ರಿ?"

"ಅಲ್ಲ. ವೀರೇಂದ್ರ ಅವರು ಬರದದ್ದು. ನಿಮ್ಮ ಮಗಳಿಗೆ."

ಅವನು ಎಡಗೈ ಹೆಬ್ಬೆರಳು ಒತ್ತಿದ. 3.45ಕ್ಕೆ ದಸ್ತಗಿರಿ. ಜೀಪ್ ಹತ್ತುವ ಮೊದಲು ಕೇಳಿದ್ದು ಒಂದೇ: ಹದಿನೇಳಕ್ಕೆ ಮಗಳ ನಂಬರಿನ ರಿಚಾರ್ಜ್ ಮುಗಿಯುತ್ತದೆ, ನಂಬರ್ ಹೋಗದಂಗ ಯಾರಾದರೂ ನೋಡಿಕೊಳ್ಳಬೇಕು. ಮಾತು ಮಾತಿಗೆ ನಗುವ ಸಿದ್ದೇಶ ಆ ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಆ ರಿಚಾರ್ಜ್ ಮುಂದೆ ಅವನೇ ಹಾಕಿಸಿದ.

ಸಂಜೆ 6.10ಕ್ಕೆ ಶೈಲಶ್ರೀ ಡಬ್ಬಿ ಗುರುತಿಸಲು ಬಂದಳು. ನೀಲಿ ಮುಚ್ಚಳ ತೆರೆದು ಆ ನಾಲ್ಕು ಸಾಲು ಓದಿದಳು, ಮತ್ತೆ ಓದಿದಳು. ಗುಬ್ಬಿ ಯಾರು ಎಂದು ಕೇಳಿದಳು. ರುದ್ರಮುನಿ ಎಲ್ಲವನ್ನೂ ಹೇಳಿದ. ಅವಳು ಲಾಕಪ್ಪಿನ ಕಡೆ ಒಮ್ಮೆ ತಿರುಗಿದಳು, ಅಲ್ಲಿಗೆ ಹೋಗಲಿಲ್ಲ.

"ಅಂವ ಬಂದು ಕೇಳಬೇಕಿತ್ತು ಸರ್," ಎಂದಳು. "ಏಳೂ ಡಬ್ಬಿ ಕೊಡತಿದ್ರು. ಮನಿಗೆ ಕರಕೊಂಡು ಬಂದು ಊಟಕ್ಕ ಕುಂದರಸತಿದ್ರು. ಆ ಹುಡುಗಿ ಹೆಂಗಿದ್ದಳು ಅಂತ ರಾತ್ರಿ ಮಟ ಕೇಳ್ಕೋತ ಕುಂದರತಿದ್ರು."

ಪುಸ್ತಕ ಈಗ ಮುದ್ದೆಮಾಲು, ನ್ಯಾಯಾಲಯ ಬಿಡುವ ತನಕ ಇಬ್ಬರಲ್ಲಿ ಯಾರಿಗೂ ಸಿಗುವುದಿಲ್ಲ. ರುದ್ರಮುನಿ ಆ ಪುಟದ ಝೆರಾಕ್ಸ್ ತೆಗೆಸಿ ಅವಳ ಕೈಗಿಟ್ಟ. ಅವಳು ಹೋದ ಮೇಲೆ ಕೇಸ್ ಡೈರಿ ತೆರೆದು, ಕೃತ್ಯಕ್ಕೆ ಕಾರಣ ಎಂಬಲ್ಲಿ ಬರೆದ: ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ, ಪರಿಚಯವೂ ಇರಲಿಲ್ಲ. ಮಗಳು ಬರೆದ ಗುಬ್ಬಿಗಳನ್ನು ಒಂದು ಕಡೆ ಕೂಡಿಸಿ ಮನೆಗೆ ಒಯ್ಯುತ್ತಿದ್ದನು. ಏಳನೆಯದನ್ನು ಬರೆದವರು ಬೇರೆ ಎಂಬುದು ಆರೋಪಿಗೆ ತಿಳಿದಿರಲಿಲ್ಲ.

ಕೆಳಗೆ ಸಮಯ ಹಾಕಿ ರುಜು ಮಾಡಿದ. 7.05.