ಟೆಲಿಸ್ಕೋಪಿಗೆ ಹೊರಿಸಿದ ತಪ್ಪು

“ಚೆನ್ನಾಗಿದೆ ಅಂತ ಕೊಟ್ರಿ. ಚಂದ್ರನ್ನ ನೋಡಿದ್ರೆ ಹತ್ತಿ ಉಂಡೆ ಕಾಣುತ್ತೆ.”

ಅವಳು ಟೆಲಿಸ್ಕೋಪನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ಕನ್ನಡಕದ ಚೌಕಟ್ಟುಗಳೆಲ್ಲ ನಡುಗಿದವು. ಲೆನ್ಸ್ ಉಜ್ಜುತ್ತಿದ್ದ ಅಂಗಡಿಯವನು ತಲೆಯೆತ್ತಿದ.

“ಪಕ್ಕದ ಈ ತಿರುಪನ್ನ ತಿರುಗಿಸಿ ನೋಡಿದ್ರಾ?”

“ಅಪ್ಪ ಹೊಂದಿಸಿದ್ದನ್ನ ನಾನ್ಯಾಕೆ ಕದಲಿಸ್ಲಿ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಅವನು ನಕ್ಕ. ಅವಳ ಕಣ್ಣಲ್ಲಿ ನೀರು ಕಂಡದ್ದೇ ನಗು ನಿಂತುಹೋಯಿತು. “ತಪ್ಪಾಯ್ತು. ಭಾನುವಾರ ಮನೆಗೇ ಬಂದು ನೋಡ್ತೀನಿ.”

ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದರ್ಜಿ. ಅಪ್ಪ ಆಯುಷ್ಯವೆಲ್ಲ ಕ್ರೇನ್ ಓಡಿಸಿದವರು, ಎತ್ತರದಲ್ಲಿ ಕೂತು ದೂರ ನೋಡಿಯೇ ಅಭ್ಯಾಸ. ಈಗ ಹೃದಯದ ಕಾಯಿಲೆಗೆ ಸೋತು, ಮೂರನೇ ಮಹಡಿಯ ಕಿಟಕಿಯೇ ಅವರ ಲೋಕ. ಚಂದ್ರನ ಗುಳಿಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಅದೊಂದನ್ನೂ ತೀರಿಸದೆ ಅಪ್ಪನನ್ನು ಕಳಿಸಿಕೊಡುವುದು ಹೇಗೆ... ಅವಳು ಒಳಗೊಳಗೇ ಬೇಯುತ್ತಿದ್ದಳು.

ಅವನು ಬಂದ. ಮುಚ್ಚಿದ್ದ ಕಿಟಕಿಯ ಗಾಜು ತೆರೆಸಿದ. ಎಲ್ಲವನ್ನೂ ಅತಿ ದೊಡ್ಡದು ಮಾಡಿ ಮಸುಕಾಗಿಸುತ್ತಿದ್ದ ಲೆನ್ಸ್ ತೆಗೆದು ಸಾಧಾರಣದ್ದನ್ನು ಹಾಕಿದ. ದೂರದ ನೀರಿನ ಟ್ಯಾಂಕಿನ ಏಣಿಗೆ ಗುರಿ ಹಿಡಿದು ತಿರುಪನ್ನು ಮೆಲ್ಲಗೆ ತಿರುಗಿಸಿದ. ಆಮೇಲೆ ಅಪ್ಪ ಕಣ್ಣಿಟ್ಟು, ತಾವೂ ಅತ್ತಿತ್ತ ತಿರುಗಿಸಿದರು.

“ಇಲ್ಲಪ್ಪಾ, ಬರೀ ಮಂಜು.”

ಅವಳೂ ಇಣುಕಿದಳು. ಮಂಜೇ.

ಹೀಗೇ ಭಾನುವಾರಗಳು ಉರುಳಿದವು. ಅವನು ಬಿಚ್ಚುವುದು, ಒರೆಸುವುದು, ಅಪ್ಪ ತಲೆಯಾಡಿಸುವುದು, ನಡುನಡುವೆ ಚಹಾ. ಅವಳು ಶನಿವಾರದಿಂದಲೇ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಇದು ಹೆತ್ತ ಅಪ್ಪನಿಗೆ ತಿಳಿಯದೆ ಇರುತ್ತದೆಯೇ!

ಒಂದು ಸಂಜೆ ಅವನು ಇದ್ದಕ್ಕಿದ್ದಂತೆ ಟೆಲಿಸ್ಕೋಪನ್ನು ಡಬ್ಬಿಗೆ ತುಂಬಿದ.

“ಇದು ಸರಿಯಾಗಲ್ಲ. ತಗೊಂಡು ಹೋಗ್ತೀನಿ.”

“ಇಟ್ಟು ಹೋಗಿ, ಬೇರೆಯವರಿಗೆ ತೋರಿಸ್ತೀನಿ.”

“ಬೇಡ.”

ಅಪ್ಪ ಗೋಡೆಯತ್ತ ಮುಖ ಮಾಡಿ ಮಲಗಿದ್ದರು. ಅವಳು ಬಾಗಿಲಾಚೆ ಬಂದು ದನಿ ತಗ್ಗಿಸಿದಳು.

“ಹೋಗೋ ಜೀವಕ್ಕೆ ಆಸೆ ಹುಟ್ಟಿಸಿ ಕೈಕೊಟ್ರಿ. ಇನ್ನು ಈ ಮೆಟ್ಟಿಲು ಹತ್ತಬೇಡಿ.”

ಅವನು ತಲೆ ತಗ್ಗಿಸಿ ಇಳಿದುಹೋದ. ಒಂದಾದರೂ ಮಾತಾಡಬಾರದಿತ್ತೇ... ಅವಳಿಗೆ ಅಂದು ಅಪ್ಪನಿಗಿಂತ ಹೆಚ್ಚಾಗಿ ತನಗಾಗಿಯೇ ಅಳು ಬಂತು.

ಕೆಲವು ವಾರಗಳ ಬಳಿಕ ಅಪ್ಪ ನಿದ್ದೆಯಲ್ಲೇ ಹೋದರು.

ಮನೆ ಬಿಕೋ ಎನ್ನುತ್ತಿತ್ತು. ಅಪ್ಪನ ವಸ್ತುವೆಂದು ಟೆಲಿಸ್ಕೋಪನ್ನಾದರೂ ತರೋಣವೆಂದು ಅವಳು ಅಂಗಡಿಗೆ ಹೋದಳು. ಅವನು ಅದನ್ನು ಬಾಗಿಲ ಬಳಿ ನಿಲ್ಲಿಸಿ, ತಿರುಪನ್ನು ಮುಟ್ಟದೆ ಬೀದಿ ತುದಿಯ ದೀಪದ ಕಂಬಕ್ಕೆ ಗುರಿ ಹಿಡಿದ. ಅವಳು ನೋಡಿದಳು. ಅದೇ ಮಂಜು.

“ಈಗ ತಿರುಪನ್ನ ನೀವೇ ತಿರುಗಿಸಿ.”

ತಿರುಗಿಸಿದಳು. ಮಂಜು ಕರಗಿ ಕಂಬದ ಮೇಲಿನ ಪಾರಿವಾಳದ ಕೆಂಪು ಕಾಲು ಕಾಣಿಸಿತು.

“ಇದು... ಸರಿಯಾಗೇ ಇದೆ.”

“ಮೊದಲಿಂದಲೂ ಸರಿಯಿತ್ತು. ಅಪ್ಪ ತಿರುಗಿಸಿ ಬಿಟ್ಟಲ್ಲೇ ನೀವು ನೋಡ್ತಿದ್ರಿ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಕಡೆ ಸ್ಪಷ್ಟ ಆಗುತ್ತೆ. ಅವರಿಗೆ ಎಲ್ಲೂ ಆಗ್ತಿರ್ಲಿಲ್ಲ. ಅವರ ಕಣ್ಣೇ ಹೋಗಿತ್ತು.”

ಅವಳು ಕುರ್ಚಿ ಎಳೆದು ಕುಳಿತಳು.

“ನೀವು ಕೆಲಸಕ್ಕೆ ಹೋದಾಗ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ದೃಷ್ಟಿ ವಾಪಸ್ ಬರಲ್ಲ ಅಂದ್ರು. ‘ಮಗಳಿಗೆ ಗೊತ್ತಾದ್ರೆ ಕೆಲಸ ಬಿಟ್ಟು ನನ್ನ ಪಕ್ಕ ಕೂತ್ಬಿಡ್ತಾಳೆ, ತಪ್ಪನ್ನ ಟೆಲಿಸ್ಕೋಪ್ ಮೇಲೆ ಹಾಕಿಬಿಡು’ ಅಂದ್ರು ನಿಮ್ಮಪ್ಪ. ಮಾತು ಕೊಟ್ಟೆ. ಬೇರೆಯವರು ನೋಡಿದ್ರೆ ಗುಟ್ಟು ಹೊರಬೀಳುತ್ತೆ ಅಂತ ಆ ಸಂಜೆ ತಗೊಂಡು ಬಂದೆ.”

“ಗೋಡೆ ಹಿಡ್ಕೊಂಡು ನಡೀತಿದ್ರು. ಸುಸ್ತು ಅಂದ್ಕೊಂಡೆ... ಹೆತ್ತ ಮಗಳು, ನನಗೇ ಕಾಣಲಿಲ್ಲ.”

ಅವಳು ಅತ್ತು ಮುಗಿಸುವವರೆಗೂ ಅವನು ಪಕ್ಕದಲ್ಲೇ ನಿಂತಿದ್ದ.

“ಅಷ್ಟೆಲ್ಲ ಬೈದೆ. ಯಾಕೆ ಸಹಿಸ್ಕೊಂಡ್ರಿ? ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ?”

“ಒಂದಿದೆ. ಟೆಲಿಸ್ಕೋಪ್ ಸರಿಯಿದೆ ಅಂತ ಮೊದಲನೇ ಭಾನುವಾರವೇ ಗೊತ್ತಾಗಿತ್ತು. ಆಮೇಲೆ ಬಂದಿದ್ದೆಲ್ಲ ನಿಮ್ಮನ್ನ ನೋಡೋಕೆ. ಅದು ನಿಮ್ಮಪ್ಪನಿಗೂ ಗೊತ್ತಿತ್ತು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಈ ಭಾನುವಾರ ಬನ್ನಿ. ಆ ಮನೇಲಿ ಒಬ್ಬಳೇ ಇರೋಕೆ ಆಗ್ತಿಲ್ಲ.”

“ಟೆಲಿಸ್ಕೋಪ್ ತರ್ಲಾ?”

“ಬೇಡ. ನೀವು ಬನ್ನಿ, ಸಾಕು.”