ಕಿತ್ತಳೆಯ ಘಮ ಎಲ್ಲಿ ಹೋಯಿತು?

"ಇದು ನನ್ನ ಕಾಫಿ ಅಲ್ಲ!"

ಉಗ್ರಾಣದ ಪಕ್ಕದ, ಕಾಫಿ ರುಚಿ ನೋಡುವ ಕೋಣೆಯಲ್ಲಿ ಬೆಳೆಗಾರ್ತಿ ಲೋಟ ಕೆಳಗಿಟ್ಟಳು. ಅವಳದು ಒಂದೇ ಗುಡ್ಡದಲ್ಲಿ ಬೆಳೆದು, ಹಣ್ಣಿನ ಸಮೇತ ಒಣಗಿಸಿದ ಬೀಜ. ಕುಡಿದರೆ ಕಿತ್ತಳೆಯ ಘಮ ಬರಬೇಕು. ಇದರಲ್ಲಿ ನೆನೆದ ಗೋಣಿಚೀಲದ ರುಚಿ. ಇಂದು ಮಾರಾಟವಾಗದಿದ್ದರೆ ಮೂಟೆಗಳು ಉಗ್ರಾಣದಲ್ಲೇ ಕೂರಬೇಕು. ಅಷ್ಟರಲ್ಲಿ ಘಮ ಆರಿ, ಬೀಜ ಊರವರೆಲ್ಲರ ಬೀಜದ ರಾಶಿಗೆ ಸೇರಿ, ಗುಡ್ಡದ ಹೆಸರೇ ಅಳಿಯುತ್ತದೆ.

ರುಚಿಗಾರ್ತಿ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದಳು. ದಿನವಿಡೀ ಊರವರ ಕಾಫಿಯ ರುಚಿ ನೋಡಿ ಗುಣ ಹೇಳುವ ಅವಳು ಸಂಜೆ ಮನೆಯಲ್ಲಿ ಒಂದೇ ಲೋಟ ತೊಳೆಯುತ್ತಾಳೆ. ಒಂಟಿತನ ಅವಳಿಗೆ ಹೊಸದಲ್ಲ. ಹಾಗೆಂದು ಒಗ್ಗಿಯೂ ಇಲ್ಲ.

"ಈ ಮಾದರಿ ಬೀಜದ ಡಬ್ಬಿ ಯಾರು ತಂದಿದ್ದು?" ಎಂದು ಕೇಳಿದಳು.

"ಉಗ್ರಾಣದಣ್ಣ ಕೊಟ್ರು, ನಾನು ಹುರಿದೆ," ಎಂದ ಹುರಿಯುವವ. "ಹುರಿಯದ ಹಸಿ ಬೀಜ ಇನ್ನೂ ಅರ್ಧ ಡಬ್ಬಿ ಇದೆ, ನೋಡಿ."

"ಬೆಲೆ ಇಳಿಸೋಕೆ ನಾನೇ ಬದಲಾಯಿಸ್ದೆ ಅಂತೀರಾ?" ಖರೀದಿದಾರ ಗುರ್ ಎಂದ.

"ಡಬ್ಬಿ ಮುಟ್ಟಿದ್ರಾ?" ರುಚಿಗಾರ್ತಿ ಕೇಳಿದಳು.

"ಇಲ್ಲ!"

"ಮತ್ತೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀರಿ?"

ಉಗ್ರಾಣದವನು ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಕೋಟು, ಬಾಚಿದ ತಲೆ. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆಂದು, ಘಮಘಮ ಸೋಪು ಹಾಕಿ ಸ್ನಾನ ಮಾಡಿದವರನ್ನೂ ಹೊಸ್ತಿಲಿಂದಲೇ ಅಟ್ಟುವ ಆಸಾಮಿ ಅವನು.

ರುಚಿಗಾರ್ತಿ ಹಸಿ ಬೀಜ ಮೂಸಿದಳು. ಮತ್ತೆ ಮೂಸಿದಳು. ನಂತರ ಎದ್ದು ಬಾಗಿಲ ಬಳಿ ಹೋದಳು.

"ಅಣ್ಣಾ, ಜೇಬು ತೋರಿಸು."

"ಯಾಕೆ?"

"ಈ ಬೀಜದಲ್ಲಿ ಬಟ್ಟೆ ಪೆಟ್ಟಿಗೆಗೆ ಹಾಕೋ ನುಸಿಗುಳಿಗೆ ವಾಸನೆ ಇದೆ. ನಿನ್ನ ಕೋಟಿನಲ್ಲೂ ಇದೆ. ಎಲ್ಲರ ಕಣ್ಣೂ ಡಬ್ಬಿ ಮೇಲೆ — ಸೋಪಿಗೇ ಜನರನ್ನ ಓಡಿಸೋನು ಪೆಟ್ಟಿಗೆಯಲ್ಲಿಟ್ಟಿದ್ದ ಕೋಟು ಹಾಕ್ಕೊಂಡು ಉಗ್ರಾಣಕ್ಕೆ ಬಂದಿದ್ಯಾಕೆ ಅಂತ ಯಾರೂ ಕೇಳ್ಲಿಲ್ಲ. ಬೇರೆ ಬೀಜ ನೀನು ಈ ಜೇಬಲ್ಲೇ ತಂದೆ. ಬದಲಾಯಿಸ್ದೋನು ನೀನೇ."

ಅವನು ಉಗ್ರಾಣದೊಳಗೆ ಹೋಗಿ ಮುಚ್ಚಳ ಬಿಗಿದ ಇನ್ನೊಂದು ಡಬ್ಬಿ ತಂದಿಟ್ಟ. ತೆರೆದರೆ ಕೋಣೆಯೆಲ್ಲ ಕಿತ್ತಳೆಯ ಘಮ.

"ಯಾಕೆ ಹೀಗೆ ಮಾಡ್ದೆ?" ಬೆಳೆಗಾರ್ತಿ ಕೇಳಿದಳು.

"ಮೂಟೆ ಇರೋವರೆಗೂ ನೀವು ನೋಡೋಕೆ ಬರ್ತೀರಿ. ಎರಡು ಮಾತಾಡ್ತೀರಿ." ಅವನು ತಲೆ ಎತ್ತಲಿಲ್ಲ. "ಮಾರಿದ್ಮೇಲೆ ಯಾಕೆ ಬರ್ತೀರಿ?"

"ಅದಕ್ಕೆ ನನ್ನ ವರ್ಷದ ಬೆಳೇನೇ ಬೇಕಿತ್ತಾ? ಮನೆಗೆ ಬಾ ಅಂದಿದ್ರೆ ಬರ್ತಿದ್ನಲ್ಲ!"

ಸಂಜೆಗೆ ಆ ಡಬ್ಬಿಯ ಬೀಜ ಹುರಿದು, ಕುಡಿದು, ವ್ಯಾಪಾರ ಮುಗಿಯಿತು. ಗುಡ್ಡದ ಹೆಸರು ಉಳಿಯಿತು. ಉಗ್ರಾಣದವನು ಕೆಲಸ ಬಿಟ್ಟವನಂತೆ ಬೀಗದ ಕೈ ಮೇಜಿನ ಮೇಲಿಟ್ಟು, ಕೋಟು ಕಳಚಿ ತೋಳಿಗೆ ಹಾಕಿಕೊಂಡು ನಡೆದ. ಬೆಳೆಗಾರ್ತಿ ಅವನನ್ನು ಕರೆಯಲೂ ಇಲ್ಲ, ಅವನು ಹೋದ ದಾರಿಯಿಂದ ಕಣ್ಣು ತೆಗೆಯಲೂ ಇಲ್ಲ.

ಎಲ್ಲರೂ ಹೋದ ಮೇಲೆ ರುಚಿಗಾರ್ತಿ ಉಳಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದಳು. ತಣ್ಣಗಾದರೂ ಸಿಹಿಯಾಗಿತ್ತು. "ಚೆನ್ನಾಗಿದೆ," ಎಂದು ಗಟ್ಟಿಯಾಗಿ ಹೇಳಿ, ಅಭ್ಯಾಸಬಲದಿಂದ ಸುತ್ತ ನೋಡಿದಳು. ಕೇಳಲು ಯಾರೂ ಇರಲಿಲ್ಲ.